ಅಟ್ಲಾಂಟಿಕ್ ದಾಟುವ ಕ್ರೂಸ್‌ಗೆ ಅಗ್ಗದ ಒನ್‌ವೇ ವಿಮಾನ ಟಿಕೆಟ್: ಎಲ್ಲಿ ಹುಡುಕಬೇಕು, ಯಾವಾಗ ಕೊಳ್ಳಬೇಕು

ಅಟ್ಲಾಂಟಿಕ್ ದಾಟುವ ಕ್ರೂಸ್‌ಗಳ ದರ ಕಡಿಮೆ ಇರುವುದಕ್ಕೆ ಸರಳ ಕಾರಣವಿದೆ. ಬೇಸಿಗೆಯಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲೋ ಉತ್ತರ ಯುರೋಪಿನಲ್ಲೋ ಓಡುವ ಹಡಗುಗಳು ಚಳಿಗಾಲಕ್ಕೆ ಕೆರಿಬಿಯನ್ ಕಡೆ ಹೋಗಬೇಕು, ವಸಂತ ಬಂದಾಗ ಮತ್ತೆ ಯುರೋಪಿಗೆ ಬರಬೇಕು. ಪ್ರಯಾಣಿಕರು ತುಂಬಿರಲಿ ಬಿಡಲಿ, ಹಡಗು ಹೊರಡುವುದಂತೂ ಖಚಿತ. ಹಾಗಾಗಿ ಕಂಪನಿಗಳು ಆ ಯಾನದ ಕ್ಯಾಬಿನ್‌ಗಳನ್ನು ಬಂದಷ್ಟಕ್ಕೆ ಮಾರುತ್ತವೆ. ಹತ್ತು ಹದಿನೈದು ರಾತ್ರಿಯ ಊಟ, ವಸತಿ ಎಲ್ಲ ಸೇರಿಯೂ ದಿನದ ಲೆಕ್ಕದಲ್ಲಿ ಅದು ಬೇರೆ ಕ್ರೂಸ್‌ಗಳಿಗಿಂತ ಅಗ್ಗ. ತೊಡಕು ಇರುವುದು ಆಚೆ ದಡದಲ್ಲಿ. ಹಡಗು ನಿಮ್ಮನ್ನು ಸಾಗರದ ಇನ್ನೊಂದು ಬದಿಗೆ ಇಳಿಸಿ ತನ್ನ ಮುಂದಿನ ಕೆಲಸಕ್ಕೆ ಹೋಗುತ್ತದೆ. ಅಲ್ಲಿಂದ ಮನೆಗೆ ಒಂದು ಕಡೆಯ ವಿಮಾನ ಬೇಕು. ಕ್ರೂಸ್‌ನಲ್ಲಿ ಉಳಿದ ಹಣವೆಲ್ಲ ಆ ಒಂದು ಟಿಕೆಟ್ಟಿಗೇ ಹೋಗಿಬಿಡುವುದುಂಟು.

ಅದಕ್ಕಾಗಿ ಮೊದಲೇ ಹೇಳುವುದು ಇಷ್ಟು: ಕ್ರೂಸ್ ಬುಕ್ ಮಾಡಿ ಆಮೇಲೆ ವಿಮಾನ ಹುಡುಕಬೇಡಿ. ಎರಡನ್ನೂ ಒಂದೇ ಖರೀದಿ ಎಂದು ನೋಡಿ. ಹಡಗು ಯಾವ ಬಂದರಿನಲ್ಲಿ, ಯಾವ ತಾರೀಖಿಗೆ ಯಾನ ಮುಗಿಸುತ್ತದೆ ಎನ್ನುವುದೇ ವಿಮಾನದ ದರವನ್ನು ಬಹುಪಾಲು ನಿರ್ಧರಿಸುತ್ತದೆ. ಕ್ಯಾಬಿನ್‌ಗೆ ಹಣ ಕಟ್ಟಿದ ಮೇಲೆ ಅವೆರಡೂ ನಿಮ್ಮ ಕೈಯಲ್ಲಿರುವುದಿಲ್ಲ.

ಒನ್‌ವೇ ಟಿಕೆಟ್ ದುಬಾರಿ ಏಕೆ

ಹೋಗಿಬರುವ ಟಿಕೆಟ್ಟಿನ ಅರ್ಧವೇ ಒಂದು ಕಡೆಯ ದರ ಎಂದು ಲೆಕ್ಕ ಹಾಕಿ ಕುಳಿತವರಿಗೆ ಮೊದಲ ಹುಡುಕಾಟದಲ್ಲೇ ಆಘಾತವಾಗುತ್ತದೆ. ದೊಡ್ಡ ಹಳೆಯ ಏರ್‌ಲೈನ್‌ಗಳು ಅಟ್ಲಾಂಟಿಕ್ ಮಾರ್ಗದ ಅಗ್ಗದ ದರಗಳನ್ನು ಬಹುಕಾಲ ರಿಟರ್ನ್ ಟಿಕೆಟ್ಟಿಗೆ ಮಾತ್ರ ಕೊಡುತ್ತಿದ್ದವು, ಅದೂ ಶನಿವಾರದ ರಾತ್ರಿ ಅಲ್ಲೇ ಉಳಿಯಬೇಕು, ಕನಿಷ್ಠ ಇಷ್ಟು ದಿನ ಇರಬೇಕು ಎಂಬಂಥ ಷರತ್ತುಗಳೊಂದಿಗೆ. ರಜೆಗೆ ಹೋಗುವವರು ವಾರಾಂತ್ಯ ಉಳಿಯುತ್ತಾರೆ, ಕಚೇರಿ ಕೆಲಸಕ್ಕೆ ಹೋಗುವವರು ಶುಕ್ರವಾರವೇ ಮನೆಗೆ ಓಡುತ್ತಾರೆ. ಇಬ್ಬರನ್ನೂ ಬೇರ್ಪಡಿಸಿ ಎರಡನೆಯವರಿಂದ ಹೆಚ್ಚು ಹಣ ಪಡೆಯುವ ಉಪಾಯ ಅದು. ಒನ್‌ವೇ ಕೊಳ್ಳುವವರನ್ನು ಕಂಪ್ಯೂಟರ್ ಎರಡನೇ ಗುಂಪಿಗೆ ಸೇರಿಸುತ್ತದೆ. ಅದಕ್ಕೇ ಒಂದು ಕಡೆಯ ದರ ರಿಟರ್ನ್ ದರಕ್ಕಿಂತಲೂ ಹೆಚ್ಚಾಗಿ ಕಾಣುವುದು.

2013ರಲ್ಲಿ ನಾರ್ವೇಜಿಯನ್ ಕಂಪನಿ ಓಸ್ಲೋದಿಂದ ನ್ಯೂಯಾರ್ಕಿಗೆ ಅಗ್ಗದ ಒನ್‌ವೇ ಟಿಕೆಟ್ ಮಾರಲು ಶುರುಮಾಡಿದ ಮೇಲೆ ಈ ಕಟ್ಟುಪಾಡು ಸಡಿಲವಾಯಿತು. ನಾರ್ವೇಜಿಯನ್ 2021ರಲ್ಲಿ ದೂರದ ಮಾರ್ಗಗಳನ್ನು ಕೈಬಿಟ್ಟಿತು. ಆದರೆ ಪ್ರತಿ ದಿಕ್ಕಿಗೂ ಪ್ರತ್ಯೇಕ ದರ ಹಾಕುವ ಪದ್ಧತಿ ಉಳಿದುಕೊಂಡಿತು. ಇವತ್ತು ಕೆಲವು ಏರ್‌ಲೈನ್‌ಗಳಲ್ಲಿ ಒಂದು ಕಡೆಯ ದರ ನಿಜವಾಗಿಯೂ ಅರ್ಧದ ಆಸುಪಾಸಿನಲ್ಲಿರುತ್ತದೆ, ಇನ್ನು ಕೆಲವುದರಲ್ಲಿ ಹಳೆಯ ಲೆಕ್ಕವೇ ನಡೆಯುತ್ತಿದೆ. ನಿಮ್ಮ ಕೆಲಸ ಮೊದಲ ಗುಂಪನ್ನು ಹುಡುಕುವುದು. ಆ ಗುಂಪು ಯಾವ ಊರುಗಳಿಗೆ ಹಾರುತ್ತದೋ ಅಲ್ಲಿ ಮುಗಿಯುವ ಹಡಗನ್ನು ಆರಿಸುವುದು.

ಋತು ಮತ್ತು ದಿಕ್ಕು

ಯುರೋಪಿನಿಂದ ಅಮೆರಿಕದ ಕಡೆಗೆ ಹೋಗುವ ಯಾನಗಳು ಹೆಚ್ಚಾಗಿ ಅಕ್ಟೋಬರ್ ಮಧ್ಯದಿಂದ ನವೆಂಬರ್ ಕೊನೆಯವರೆಗೆ. ಅಮೆರಿಕದಿಂದ ಯುರೋಪಿಗೆ ಬರುವವು ಮಾರ್ಚ್ ಕೊನೆಯಿಂದ ಮೇ ತನಕ. ಇದಕ್ಕೆ ಹೊರತಾದದ್ದು ಕ್ವೀನ್ ಮೇರಿ 2. ಅದು ಸೌತಾಂಪ್ಟನ್ ಮತ್ತು ನ್ಯೂಯಾರ್ಕ್ ನಡುವೆ ವರ್ಷದ ಬಹುಭಾಗ, ಸಾಮಾನ್ಯವಾಗಿ ಏಳು ರಾತ್ರಿಗಳಲ್ಲಿ, ಹೋಗಿ ಬರುತ್ತಿರುತ್ತದೆ. ವಿಮಾನ ಅಗ್ಗವಿರುವ ವಾರವನ್ನು ಮೊದಲು ನೋಡಿಕೊಂಡು ಅದಕ್ಕೆ ತಕ್ಕಂತೆ ಹಡಗು ಆರಿಸುವ ಸೌಕರ್ಯ ನಿಜವಾಗಿ ಸಿಗುವುದು ಆ ಹಡಗಿನಲ್ಲಿ.

ಬಹಳ ಜನ ಗಮನಿಸದ ವಿಷಯವೊಂದಿದೆ. ಏರ್‌ಲೈನ್‌ಗಳ ಬೇಸಿಗೆ ವೇಳಾಪಟ್ಟಿ ಮಾರ್ಚ್ ತಿಂಗಳ ಕೊನೆಯ ಭಾನುವಾರ ಶುರುವಾಗಿ ಅಕ್ಟೋಬರಿನ ಕೊನೆಯ ಭಾನುವಾರಕ್ಕೆ ಮುಗಿಯುತ್ತದೆ. ಅಟ್ಲಾಂಟಿಕ್ ಮೇಲಿನ ಎಷ್ಟೋ ನೇರ ವಿಮಾನಗಳು ಬೇಸಿಗೆಗೆ ಮಾತ್ರ ಇರುತ್ತವೆ. ಸೆಪ್ಟೆಂಬರಿನಲ್ಲಿ ಮೂರು ನಾಲ್ಕು ಏರ್‌ಲೈನ್ ಹಾರುತ್ತಿದ್ದ ಮಾರ್ಗದಲ್ಲಿ ನವೆಂಬರಿನ ಎರಡನೇ ವಾರ ಒಂದೇ ಉಳಿದಿರಬಹುದು, ಅದೂ ವಾರಕ್ಕೆ ಮೂರು ದಿನ. ಕ್ರೂಸ್‌ಗಳು ಸರಿಯಾಗಿ ಈ ಋತು ಬದಲಾಗುವ ಹೊತ್ತಿಗೇ ಓಡುವುದರಿಂದ, ಹೋದ ಬೇಸಿಗೆಯಲ್ಲಿ ಇಂಥ ವಿಮಾನ ಇತ್ತು ಎಂಬ ನೆನಪನ್ನು ನಂಬಬೇಡಿ. ನಿಮ್ಮ ಹಡಗು ಮುಗಿಯುವ ವಾರಕ್ಕೇ ತಾರೀಖು ಹಾಕಿ ನೋಡಿ.

ಹಬ್ಬಗಳನ್ನೂ ನೋಡಿಕೊಳ್ಳಿ. ನವೆಂಬರಿನ ನಾಲ್ಕನೇ ಗುರುವಾರ ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್. ಅದರ ಹಿಂದುಮುಂದಿನ ದಿನಗಳಲ್ಲಿ ಫ್ಲೋರಿಡಾದಿಂದ ಹೊರಡುವ ದೇಶೀಯ ವಿಮಾನಗಳೂ ತುಂಬಿರುತ್ತವೆ. ಫೋರ್ಟ್ ಲಾಡರ್‌ಡೇಲಿನಿಂದ ನ್ಯೂಯಾರ್ಕ್ ಮೂಲಕ ಯುರೋಪಿಗೆ ಹೋಗುವವರಿಗೆ ಮೊದಲ ತುಂಡೇ ದುಬಾರಿಯಾಗುತ್ತದೆ. ವಸಂತದಲ್ಲಿ ಈಸ್ಟರ್ ವಾರವೂ ಹಾಗೆಯೇ.

ಯಾವ ಬಂದರು, ಯಾವ ವಿಮಾನ ನಿಲ್ದಾಣ

ಇಲ್ಲಿ ಸ್ವಲ್ಪ ನಿಧಾನಿಸಿ, ಏಕೆಂದರೆ ಹಣ ಉಳಿಯುವುದು ಹೆಚ್ಚಾಗಿ ಇಲ್ಲೇ.

ಯುರೋಪಿನ ಕಡೆ ಬಾರ್ಸಿಲೋನಾ ಅತ್ಯಂತ ಅನುಕೂಲದ ಕೊನೆ. ಬಂದರಿನಿಂದ ಎಲ್ ಪ್ರಾಟ್ ವಿಮಾನ ನಿಲ್ದಾಣಕ್ಕೆ ಅರ್ಧ ಗಂಟೆಯೂ ಬೇಡ. ಲೆವೆಲ್ ಎಂಬ ಅಗ್ಗದ ಏರ್‌ಲೈನಿಗೆ ಅದೇ ನೆಲೆ. ಅದು ಅಲ್ಲಿಂದ ಮಯಾಮಿ, ನ್ಯೂಯಾರ್ಕ್, ಬಾಸ್ಟನ್, ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೋಗಳಿಗೆ ದಿಕ್ಕಿಗೊಂದು ದರದಂತೆ ಟಿಕೆಟ್ ಮಾರುತ್ತದೆ. ಲಿಸ್ಬನ್ ಕೂಡ ಒಳ್ಳೆಯದು. ಕ್ರೂಸ್ ಟರ್ಮಿನಲ್ ಊರೊಳಗೇ ಇದೆ, ವಿಮಾನ ನಿಲ್ದಾಣವೂ ಊರೊಳಗೇ. ತಾಪ್ ಏರ್ ಪೋರ್ಚುಗಲ್ ಅಮೆರಿಕದ ಹಲವು ಊರುಗಳಿಗೆ ಹಾರುತ್ತದೆ.

ರೋಮ್ ಎಂದು ಬರೆದಿರುವ ಕ್ರೂಸ್‌ಗಳು ಮುಗಿಯುವುದು ಚಿವಿತಾವೆಕ್ಕಿಯಾದಲ್ಲಿ. ಅಲ್ಲಿಂದ ಫಿಯುಮಿಚಿನೊ ನಿಲ್ದಾಣಕ್ಕೆ ರಸ್ತೆಯಲ್ಲಿ ಸುಮಾರು 65ರಿಂದ 70 ಕಿಲೋಮೀಟರ್. ರೈಲಿನಲ್ಲಾದರೆ ರೋಮಿನ ತ್ರಾಸ್ತೆವೆರೆಯಲ್ಲಿ ಬದಲಿಸಬೇಕು. ಟ್ಯಾಕ್ಸಿಯ ಖರ್ಚನ್ನೂ ವಿಮಾನದ ದರಕ್ಕೆ ಸೇರಿಸಿ ನೋಡಿ. ಜೆನೋವಾ ಅಥವಾ ಸವೋನಾದಲ್ಲಿ ಮುಗಿಯುವ ಹಡಗಿಗೆ ಮಿಲಾನ್ ಮಾಲ್ಪೆನ್ಸಾ ಸರಿಯಾದ ನಿಲ್ದಾಣ. ಅಲ್ಲಿಂದ ಎಮಿರೇಟ್ಸ್ ನೇರವಾಗಿ ನ್ಯೂಯಾರ್ಕಿಗೆ ಹಾರುತ್ತದೆ. ಹೀಗೆ ಮೂರನೇ ದೇಶದ ಏರ್‌ಲೈನ್ ಎರಡು ಹೊರನಾಡುಗಳ ನಡುವೆ ಓಡಿಸುವ ವಿಮಾನಗಳನ್ನು ಹುಡುಕಾಟದಲ್ಲಿ ಬಿಡಬೇಡಿ. ಅಥೆನ್ಸಿನಿಂದ ನ್ಯೂಯಾರ್ಕ್ ಪಕ್ಕದ ನ್ಯೂಅರ್ಕಿಗೆ ಎಮಿರೇಟ್ಸ್, ಫ್ರಾಂಕ್‌ಫರ್ಟಿನಿಂದ ನ್ಯೂಯಾರ್ಕಿಗೆ ಸಿಂಗಪುರ್ ಏರ್‌ಲೈನ್ಸ್ ಇದೇ ಬಗೆಯವು. ಸ್ಥಳೀಯ ದೊಡ್ಡ ಏರ್‌ಲೈನ್‌ಗಳ ಜೊತೆ ಪೈಪೋಟಿ ಮಾಡಬೇಕಾದ್ದರಿಂದ ಇವುಗಳ ದರ ಕೆಲವೊಮ್ಮೆ ಅಚ್ಚರಿಯಷ್ಟು ಇಳಿದಿರುತ್ತದೆ.

ಸೌತಾಂಪ್ಟನ್ನಿನಲ್ಲಿ ಇಳಿಯುವವರು ಒಂದು ತೆರಿಗೆಯ ಲೆಕ್ಕ ತಿಳಿದಿರಲೇಬೇಕು. ಬ್ರಿಟನ್ನಿನಿಂದ ಹೊರಡುವ ಬಹುತೇಕ ಎಲ್ಲ ವಿಮಾನಗಳಿಗೂ ಏರ್ ಪ್ಯಾಸೆಂಜರ್ ಡ್ಯೂಟಿ ಇದೆ. 2001ರಿಂದ 5500 ಮೈಲಿ ದೂರದ ವರ್ಗಕ್ಕೆ, ಅಂದರೆ ಅಮೆರಿಕಕ್ಕೂ ಸೇರಿ, ಎಕಾನಮಿ ದರ್ಜೆಯಲ್ಲಿ 2025ರ ಏಪ್ರಿಲಿನಿಂದ 90 ಪೌಂಡ್, 2026ರ ಏಪ್ರಿಲಿನಿಂದ 102 ಪೌಂಡ್. ಮೇಲಿನ ದರ್ಜೆಗಳಿಗೆ ಇನ್ನೂ ಹೆಚ್ಚು. ಎಕಾನಮಿಯಲ್ಲಿ 16 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಬ್ರಿಟನ್ನಿಗೆ ಬರುವ ವಿಮಾನಕ್ಕೆ ಇದು ಬೀಳುವುದಿಲ್ಲ. ಸೌತಾಂಪ್ಟನ್ನಿನಿಂದ ಹಡಗಿನಲ್ಲಿ ನ್ಯೂಯಾರ್ಕಿಗೆ ಹೋಗಿ ವಿಮಾನದಲ್ಲಿ ಮರಳುವವರಿಗೆ ತೆರಿಗೆ ಇಲ್ಲ, ತದ್ವಿರುದ್ಧ ಮಾಡುವವರಿಗೆ ಇದೆ.

ತಪ್ಪಿಸುವ ದಾರಿಯೂ ಕಾನೂನಿಗೆ ಒಳಪಟ್ಟದ್ದೇ. ಐರ್ಲೆಂಡ್ ತನ್ನ ವಿಮಾನ ತೆರಿಗೆಯನ್ನು 2014ರಲ್ಲಿ ತೆಗೆದುಹಾಕಿದೆ. ಲಂಡನ್ನಿನಿಂದ ಡಬ್ಲಿನ್‌ಗೆ ಒಂದು ಬೇರೆ ಅಗ್ಗದ ಟಿಕೆಟ್, ಡಬ್ಲಿನ್‌ನಿಂದ ಅಮೆರಿಕಕ್ಕೆ ಇನ್ನೊಂದು ಟಿಕೆಟ್ ಕೊಂಡರೆ ಕಡಿಮೆ ದೂರಕ್ಕಿರುವ ಸಣ್ಣ ತೆರಿಗೆ ಮಾತ್ರ ಬೀಳುತ್ತದೆ. ಒಂದೇ ಟಿಕೆಟ್ಟಿನಲ್ಲಿ ಲಂಡನ್, ಡಬ್ಲಿನ್, ನ್ಯೂಯಾರ್ಕ್ ಎಂದು ಕೊಂಡರೆ ದೂರದ ತೆರಿಗೆ ಪೂರ್ತಿ ಬೀಳುತ್ತದೆ, ಏಕೆಂದರೆ ಟಿಕೆಟ್ಟಿನ ಕೊನೆಯ ಊರನ್ನು ನೋಡಿ ತೆರಿಗೆ ಹಾಕುತ್ತಾರೆ. ಏರ್ ಲಿಂಗಸ್ ಒನ್‌ವೇಯನ್ನು ನ್ಯಾಯವಾದ ದರಕ್ಕೆ ಮಾರುವ ಏರ್‌ಲೈನ್‌ಗಳಲ್ಲಿ ಒಂದು. ಡಬ್ಲಿನ್‌ನಲ್ಲಿ ಅಮೆರಿಕದ ವಲಸೆ ತಪಾಸಣೆ ಹೊರಡುವ ಮೊದಲೇ ಮುಗಿಯುವುದು ಇನ್ನೊಂದು ಲಾಭ.

ಅಮೆರಿಕದ ಕಡೆ ಬಂದರೆ, ಪೋರ್ಟ್ ಎವರ್‌ಗ್ಲೇಡ್ಸ್ ಫೋರ್ಟ್ ಲಾಡರ್‌ಡೇಲ್ ವಿಮಾನ ನಿಲ್ದಾಣದ ಪಕ್ಕದಲ್ಲೇ ಇದೆ. ಮಯಾಮಿ ಬಂದರಿನಿಂದ ಮಯಾಮಿ ನಿಲ್ದಾಣ ಸುಮಾರು 13 ಕಿಲೋಮೀಟರ್. ಈ ಎರಡೂ ನಿಲ್ದಾಣಗಳ ನಡುವೆ 45 ಕಿಲೋಮೀಟರಿನಷ್ಟೇ ಅಂತರವಿರುವುದರಿಂದ ಯಾವಾಗಲೂ ಎರಡನ್ನೂ ಸೇರಿಸಿ ಹುಡುಕಿ. ಪೋರ್ಟ್ ಕನಾವೆರಲ್‌ನಲ್ಲಿ ಇಳಿದರೆ ಒರ್ಲಾಂಡೊ ನಿಲ್ದಾಣ ಸುಮಾರು 70 ಕಿಲೋಮೀಟರ್. ಗ್ಯಾಲ್ವೆಸ್ಟನ್‌ನಿಂದ ಹ್ಯೂಸ್ಟನ್ನಿನ ದೊಡ್ಡ ನಿಲ್ದಾಣ ನೂರು ಕಿಲೋಮೀಟರಿಗೂ ಹೆಚ್ಚು. ಗ್ಯಾಲ್ವೆಸ್ಟನ್‌ನಲ್ಲಿ ಕೊನೆಗೊಳ್ಳುವ ಕ್ರೂಸ್ ಎಷ್ಟೇ ಅಗ್ಗವೆನಿಸಿದರೂ ಯುರೋಪಿನವರು ಎರಡು ಸಲ ಯೋಚಿಸಬೇಕು. ನ್ಯೂಯಾರ್ಕಿನ ಹಡಗು ಬ್ರೂಕ್ಲಿನ್, ಮ್ಯಾನ್‌ಹಟನ್, ಬೇಯೋನ್ ಈ ಮೂರರಲ್ಲಿ ಎಲ್ಲಿಗೆ ಬರುತ್ತದೆಂದು ನೋಡಿ. ಬೇಯೋನ್ ಇರುವುದು ನ್ಯೂಜೆರ್ಸಿಯಲ್ಲಿ, ಅದಕ್ಕೆ ನ್ಯೂಅರ್ಕ್ ನಿಲ್ದಾಣ ಹತ್ತಿರ.

ಯಾನ ಕೆರಿಬಿಯನ್ನಿನ ಗ್ವಾಡಲೂಪ್ ಅಥವಾ ಮಾರ್ಟಿನೀಕ್‌ನಲ್ಲಿ ಮುಗಿದರೆ ಹೆದರಬೇಡಿ. ಅವು ಫ್ರಾನ್ಸಿನ ಭಾಗ. ಪ್ಯಾರಿಸ್‌ಗೆ ಏರ್ ಫ್ರಾನ್ಸ್, ಏರ್ ಕರೈಬ್, ಕೊರ್ಸೇರ್ ಮೂರೂ ಪೈಪೋಟಿಯಿಂದ ಹಾರುತ್ತವೆ, ಒಂದು ಕಡೆಯ ಟಿಕೆಟ್ ಮಾರುವುದು ಅಲ್ಲಿ ಮಾಮೂಲು.

ಹುಡುಕುವ ಕ್ರಮ

ಮೊದಲು ಗೂಗಲ್ ಫ್ಲೈಟ್ಸ್ ತೆರೆದು ಒನ್‌ವೇ ಆರಿಸಿ. ಹೊರಡುವ ಜಾಗದಲ್ಲಿ ಒಂದೇ ಊರಲ್ಲ, ಅಲ್ಪವಿರಾಮ ಹಾಕಿ ಏಳು ನಿಲ್ದಾಣಗಳವರೆಗೆ ಬರೆಯಬಹುದು. ಬಾರ್ಸಿಲೋನಾದಲ್ಲಿ ಇಳಿಯುವವರು ಬಾರ್ಸಿಲೋನಾ, ಮ್ಯಾಡ್ರಿಡ್, ಲಿಸ್ಬನ್, ಪ್ಯಾರಿಸ್ಸಿನ ಎರಡೂ ನಿಲ್ದಾಣ, ಡಬ್ಲಿನ್, ಮಿಲಾನ್ ಬರೆಯಲಿ. ತಲುಪುವ ಕಡೆಯೂ ಹಾಗೆಯೇ, ಮನೆಯ ಹತ್ತಿರದ ನಿಲ್ದಾಣದ ಜೊತೆಗೆ ಬಾಸ್ಟನ್, ನ್ಯೂಯಾರ್ಕ್, ನ್ಯೂಅರ್ಕ್, ಮಯಾಮಿಯಂಥ ದೊಡ್ಡ ಬಾಗಿಲುಗಳನ್ನು ಸೇರಿಸಿ. ಸಾಗರ ದಾಟುವ ತುಂಡು ಎಲ್ಲಿ ಅಗ್ಗ ಎಂದು ಗೊತ್ತಾದ ಮೇಲೆ ಅದರ ಹಿಂದುಮುಂದಿನ ಸಣ್ಣ ತುಂಡುಗಳನ್ನು ಜೋಡಿಸುವುದು ಸುಲಭ.

ಆಮೇಲೆ ಕ್ಯಾಲೆಂಡರ್ ತೆರೆದು ಹಡಗು ಮುಗಿಯುವ ದಿನದಿಂದ ಐದಾರು ದಿನ ಮುಂದಿನವರೆಗೆ ದರ ನೋಡಿ. ಭಾನುವಾರ ಇಳಿದು ಭಾನುವಾರವೇ ಹಾರುವುದಕ್ಕೂ ಬುಧವಾರ ಹಾರುವುದಕ್ಕೂ ಇರುವ ವ್ಯತ್ಯಾಸ ಹಲವು ಸಲ ಮೂರು ರಾತ್ರಿಯ ಹೋಟೆಲ್ ಖರ್ಚಿಗಿಂತ ಹೆಚ್ಚು. ಹೀಗಾದಾಗ ಆ ಊರನ್ನು ನೋಡಿಕೊಂಡೇ ಹೋಗುವುದು ಲೇಸು.

ನಂತರ ಅದೇ ತಾರೀಖುಗಳನ್ನು ಸ್ಕೈಸ್ಕ್ಯಾನರ್ ಅಥವಾ ಮೊಮೊಂಡೊದಲ್ಲಿ ಹಾಕಿ. ಗೂಗಲ್ ತೋರಿಸದ ಕೆಲವು ಸಣ್ಣ ಏರ್‌ಲೈನ್ ಮತ್ತು ಚಾರ್ಟರ್ ಕಂಪನಿಗಳು ಅಲ್ಲಿ ಕಾಣುತ್ತವೆ. ಆದರೆ ಅಲ್ಲಿ ಬರುವ ಪರಿಚಯವಿಲ್ಲದ ಏಜೆನ್ಸಿಗಳಿಂದ ಕೊಳ್ಳಬೇಡಿ. ವಿಮಾನದ ಹೆಸರು, ಸಂಖ್ಯೆ ಬರೆದುಕೊಂಡು ಏರ್‌ಲೈನಿನ ಸ್ವಂತ ಜಾಲತಾಣಕ್ಕೇ ಹೋಗಿ. ನಾಲ್ಕು ಹಣ ಹೆಚ್ಚಾದರೂ ಅದೇ ವಾಸಿ. ಹಡಗು ತಡವಾಗಿ ಟಿಕೆಟ್ ಬದಲಿಸಬೇಕಾದಾಗ ಏರ್‌ಲೈನ್ ಏಜೆನ್ಸಿಯ ಕಡೆ ಕೈ ತೋರಿಸುತ್ತದೆ, ಏಜೆನ್ಸಿ ಫೋನ್ ಎತ್ತುವುದಿಲ್ಲ.

ಈ ಹೆಸರುಗಳನ್ನು ಒಂದೊಂದಾಗಿ ನೇರವಾಗಿಯೂ ನೋಡಿ: ಲೆವೆಲ್, ಪ್ಯಾರಿಸ್ ಓರ್ಲಿಯಿಂದ ಹಾರುವ ಫ್ರೆಂಚ್ ಬೀ, ನಾರ್ಸ್ ಅಟ್ಲಾಂಟಿಕ್, ಐಸ್‌ಲ್ಯಾಂಡ್‌ಏರ್, ಏರ್ ಲಿಂಗಸ್, ತಾಪ್, ಜೆಟ್‌ಬ್ಲೂ, ಕಾಂಡೋರ್, ಕೆನಡಾದ ಏರ್ ಟ್ರಾನ್ಸಾಟ್, ಅಸೋರೆಸ್ ದ್ವೀಪಗಳ ಮೂಲಕ ಹೋಗುವ ಸಾಟಾ. ಜೆಟ್‌ಬ್ಲೂ ಯುರೋಪಿಗೆ ಹಾರುವುದು ನ್ಯೂಯಾರ್ಕ್ ಮತ್ತು ಬಾಸ್ಟನ್ನಿನಿಂದ. ಆದರೆ ಫೋರ್ಟ್ ಲಾಡರ್‌ಡೇಲಿನಿಂದ ಆ ಎರಡೂ ಊರುಗಳಿಗೆ ಅದರದ್ದೇ ವಿಮಾನಗಳಿವೆ, ಹಾಗಾಗಿ ಒಂದೇ ಟಿಕೆಟ್ಟಿನಲ್ಲಿ ಬಂದರಿನಿಂದ ಯುರೋಪಿನವರೆಗೆ ಹೋಗಬಹುದು. ಐಸ್‌ಲ್ಯಾಂಡ್‌ಏರ್ ರೇಕ್ಯಾವಿಕ್‌ನಲ್ಲಿ ಏಳು ದಿನದವರೆಗೆ, ತಾಪ್ ಪೋರ್ಚುಗಲ್‌ನಲ್ಲಿ ಹತ್ತು ದಿನದವರೆಗೆ ಹೆಚ್ಚಿನ ವಿಮಾನ ದರವಿಲ್ಲದೆ ತಂಗಲು ಬಿಡುತ್ತವೆ. ಅಗ್ಗದ ಏರ್‌ಲೈನ್ ಕಂಪನಿ ಮುಚ್ಚಿಹೋಗುವುದೂ ಅಪರೂಪವಲ್ಲ. ಐಸ್‌ಲ್ಯಾಂಡಿನ ವಾವ್ 2019ರ ಮಾರ್ಚಿನಲ್ಲಿ, ಪ್ಲೇ 2025ರ ಸೆಪ್ಟೆಂಬರಿನಲ್ಲಿ ಹಠಾತ್ತನೆ ನಿಂತವು. ಇಂಥ ಟಿಕೆಟ್ಟಿಗೆ ಕ್ರೆಡಿಟ್ ಕಾರ್ಡಿನಲ್ಲೇ ಹಣ ಕಟ್ಟಿ, ಹಣ ವಾಪಸ್ ಕೇಳಲು ಒಂದು ದಾರಿ ಇರುತ್ತದೆ.

ಇವೆರಡೂ ಖಂಡಗಳ ಹೊರಗಿನಿಂದ ಬರುವವರಿಗೆ ಲೆಕ್ಕ ಬೇರೆ. ಅವರು ಎರಡು ಒನ್‌ವೇ ಕೊಳ್ಳಬಾರದು. ಹುಡುಕಾಟದಲ್ಲಿ ಮಲ್ಟಿ ಸಿಟಿ ಆರಿಸಿ, ಮೊದಲ ಸಾಲಿನಲ್ಲಿ ಮನೆಯಿಂದ ಹಡಗು ಹತ್ತುವ ಊರು, ಎರಡನೇ ಸಾಲಿನಲ್ಲಿ ಹಡಗು ಇಳಿಯುವ ಊರಿನಿಂದ ಮನೆ ಎಂದು ಹಾಕಬೇಕು. ಏರ್‌ಲೈನ್ ಅದನ್ನು ರಿಟರ್ನ್ ಟಿಕೆಟ್ ಎಂದೇ ಎಣಿಸಿ ಎರಡೂ ದಿಕ್ಕಿನ ಅರ್ಧರ್ಧ ದರ ಕೂಡಿಸುತ್ತದೆ. ಒಂದೇ ಏರ್‌ಲೈನ್ ಅಥವಾ ಒಂದೇ ಕೂಟದ ಏರ್‌ಲೈನ್‌ಗಳು ಎರಡೂ ತುದಿಯಲ್ಲಿದ್ದರೆ ಮಾತ್ರ ಇದು ಚೆನ್ನಾಗಿ ಕೂಡಿಬರುತ್ತದೆ.

ಕ್ರೂಸ್ ಕಂಪನಿಯ ವಿಮಾನ ವಿಭಾಗ

ಹಡಗಿನವರ ಹತ್ತಿರ ವಿಮಾನ ಕೊಂಡರೆ ಮೋಸ ಎಂಬ ಮಾತಿದೆ. ಸಾಮಾನ್ಯ ರಿಟರ್ನ್ ಟಿಕೆಟ್ಟಿನ ವಿಷಯದಲ್ಲಿ ಅದರಲ್ಲಿ ಹುರುಳಿರಬಹುದು, ಆದರೆ ಒನ್‌ವೇಯಲ್ಲಿ ಮಾತ್ರ ಅಲ್ಲೇ ಮೊದಲು ನೋಡಬೇಕು. ಪ್ರಿನ್ಸೆಸ್‌ನ ಈಜಿಏರ್, ಹಾಲೆಂಡ್ ಅಮೆರಿಕಾದ ಫ್ಲೈಟ್ ಈಸ್, ಸೆಲೆಬ್ರಿಟಿಯ ಫ್ಲೈಟ್ಸ್ ಬೈ ಸೆಲೆಬ್ರಿಟಿ ಇಂಥ ವಿಭಾಗಗಳು. ಏರ್‌ಲೈನ್‌ಗಳೊಂದಿಗೆ ಮಾಡಿಕೊಂಡ ಸಗಟು ಒಪ್ಪಂದದ ದರ ಇವರ ಬಳಿ ಇರುತ್ತದೆ. ಹೊರಗಡೆ ಒನ್‌ವೇಗೆ ವಿಪರೀತ ಕೇಳುವ ದೊಡ್ಡ ಏರ್‌ಲೈನಿನ ಅದೇ ಸೀಟು ಇಲ್ಲಿ ರಿಟರ್ನಿನ ಅರ್ಧಕ್ಕೆ ಕಾಣಸಿಗಬಹುದು. ಬದಲಾಯಿಸಬಹುದಾದ ಬಗೆಯ ದರ ಆರಿಸಿದರೆ ಕ್ರೂಸ್‌ನ ಕೊನೆಯ ಕಂತಿನವರೆಗೆ ಹಣ ಕಟ್ಟದೆ ಸೀಟು ಹಿಡಿದಿಡುವ ಸೌಲಭ್ಯವೂ ಕೆಲವು ಕಡೆ ಉಂಟು.

ಕೊಳ್ಳುವ ಮುನ್ನ ಮೂರು ಸಂಗತಿ ಕೇಳಿ. ಸೀಟು ಈಗಲೇ ಆರಿಸಬಹುದೇ? ಲಗೇಜು ಸೇರಿದೆಯೇ? ಈ ದರದಲ್ಲಿ ಏರ್‌ಲೈನ್ ಮೈಲು, ಅಂದರೆ ಹಾರಿದ್ದಕ್ಕೆ ಸಿಗುವ ಅಂಕ, ಜಮೆಯಾಗುತ್ತದೆಯೇ? ಜೊತೆಗೆ ವಿಮಾನದ ಸಂಖ್ಯೆಗಳು ನಿಮಗೆ ಮೊದಲೇ ಕಾಣುವ ಬಗೆಯ ಟಿಕೆಟ್ಟನ್ನೇ ಕೊಳ್ಳಿ. ಮಾರ್ಗವನ್ನು ಅವರೇ ಆಮೇಲೆ ನಿರ್ಧರಿಸುವ ಕೊಡುಗೆಗಳಲ್ಲಿ ಎರಡು ಕಡೆ ವಿಮಾನ ಬದಲಿಸುವ ಪಾಡು ಬರಬಹುದು.

ಮೈಲುಗಳಿದ್ದರೆ

ಒನ್‌ವೇ ಕ್ರೂಸ್‌ಗೆ ಏರ್‌ಲೈನ್ ಮೈಲುಗಳಷ್ಟು ಒಪ್ಪುವ ಸಾಧನ ಇನ್ನೊಂದಿಲ್ಲ, ಏಕೆಂದರೆ ಬಹುತೇಕ ಯೋಜನೆಗಳಲ್ಲಿ ಒಂದು ಕಡೆಗೆ ಬೇಕಾದ ಮೈಲು ರಿಟರ್ನಿನ ಅರ್ಧ ಮಾತ್ರ. ಮೈಲಿನ ಜೊತೆ ಕಟ್ಟಬೇಕಾದ ನಗದನ್ನು ನೋಡಿ ತೀರ್ಮಾನಿಸಿ. ಲಂಡನ್ನಿನಿಂದ ಹೊರಡುವ ಬ್ರಿಟಿಷ್ ಏರ್‌ವೇಸ್ ಸೀಟಿಗೆ ಅದರ ಮೈಲುಗಳಾದ ಏವಿಯೋಸ್ ಬಳಸಿದರೆ ಏರ್‌ಲೈನಿನ ಹೆಚ್ಚುವರಿ ಶುಲ್ಕ ಮತ್ತು ತೆರಿಗೆ ಸೇರಿ ದೊಡ್ಡ ಮೊತ್ತವಾಗುತ್ತದೆ. ಅದೇ ಏವಿಯೋಸನ್ನು ಡಬ್ಲಿನ್‌ನಿಂದ ಏರ್ ಲಿಂಗಸ್‌ನಲ್ಲೋ ಮ್ಯಾಡ್ರಿಡ್‌ನಿಂದ ಐಬೀರಿಯಾದಲ್ಲೋ ಬಳಸಿದರೆ ನಗದು ತೀರ ಕಡಿಮೆ. ಏರ್ ಫ್ರಾನ್ಸ್ ಮತ್ತು ಕೆಎಲ್‌ಎಂನ ಫ್ಲೈಯಿಂಗ್ ಬ್ಲೂ ಪ್ರತಿ ತಿಂಗಳೂ ಕೆಲವು ಮಾರ್ಗಗಳಿಗೆ ರಿಯಾಯಿತಿ ಪ್ರಕಟಿಸುತ್ತದೆ, ಅದು ಒಂದು ದಿಕ್ಕಿಗೂ ಸಿಗುತ್ತದೆ.

ರಿಟರ್ನ್ ಕೊಂಡು ಅರ್ಧ ಬಿಡುವುದು

ರಿಟರ್ನ್ ದರ ಒನ್‌ವೇಗಿಂತ ಕಡಿಮೆ ಇದ್ದಾಗ ಅದನ್ನೇ ಕೊಂಡು ಮರಳುವ ಭಾಗವನ್ನು ಬಿಟ್ಟುಬಿಡುವ ಉಪಾಯ ಬಹಳ ಜನರಿಗೆ ಗೊತ್ತು. ಇದು ಅಪರಾಧವಲ್ಲ, ಆದರೆ ದೊಡ್ಡ ಏರ್‌ಲೈನ್‌ಗಳ ಪ್ರಯಾಣದ ಕರಾರಿಗೆ ವಿರುದ್ಧ. ಅವರು ಮೈಲು ಖಾತೆಯನ್ನು ಮುಚ್ಚಬಹುದು, ದರದ ವ್ಯತ್ಯಾಸ ಕೇಳಬಹುದು. ನಮ್ಮ ಸಲಹೆ, ಮೊದಲು ಮೇಲಿನ ದಾರಿಗಳನ್ನೆಲ್ಲ ಮುಗಿಸಿ. ಯಾವ ಕಾರಣಕ್ಕೂ ಮೊದಲ ಭಾಗವನ್ನು ಬಿಟ್ಟು ಎರಡನೆಯದನ್ನು ಬಳಸಲು ನೋಡಬೇಡಿ. ಮೊದಲ ವಿಮಾನಕ್ಕೆ ಬಾರದಿದ್ದರೆ ಉಳಿದ ಟಿಕೆಟ್ ತಾನಾಗಿ ರದ್ದಾಗುತ್ತದೆ.

ಕರಾರನ್ನು ಮುರಿಯದೆ ಇದೇ ಲಾಭ ಪಡೆಯುವ ದಾರಿ ಎರಡು ಕ್ರೂಸ್ ಮಾಡುವವರಿಗಿದೆ. ಯುರೋಪಿನವರು ನವೆಂಬರಿನಲ್ಲಿ ಹಡಗಿನಲ್ಲಿ ಮಯಾಮಿಗೆ ಹೋಗಿ ವಿಮಾನದಲ್ಲಿ ಮರಳುತ್ತಾರೆ, ಮುಂದಿನ ಏಪ್ರಿಲಿನಲ್ಲಿ ವಿಮಾನದಲ್ಲಿ ಮಯಾಮಿಗೆ ಹೋಗಿ ಹಡಗಿನಲ್ಲಿ ಮರಳುತ್ತಾರೆ ಎಂದಿಟ್ಟುಕೊಳ್ಳಿ. ಅವರಿಗೆ ಬೇಕಾದದ್ದು ಮಯಾಮಿಯಿಂದ ಶುರುವಾಗಿ ಮಯಾಮಿಯಲ್ಲಿ ಮುಗಿಯುವ ಒಂದು ರಿಟರ್ನ್ ಟಿಕೆಟ್, ನವೆಂಬರಿನಲ್ಲಿ ಮೊದಲ ಭಾಗ, ಏಪ್ರಿಲಿನಲ್ಲಿ ಎರಡನೆಯದು. ಎರಡೂ ಭಾಗ ಬಳಕೆಯಾಗುತ್ತವೆ. ನೋಡಬೇಕಾದದ್ದು ಆ ದರದ ಗರಿಷ್ಠ ತಂಗುವ ಅವಧಿ: ಕೆಲವು ಅಗ್ಗದ ದರಗಳು ಮೂರು ತಿಂಗಳಿಗೇ ಮುಗಿಯುತ್ತವೆ, ಕೆಲವು ಆರು, ಕೆಲವು ಹನ್ನೆರಡು. ಗೂಗಲ್‌ನ ಐಟಿಎ ಮ್ಯಾಟ್ರಿಕ್ಸ್ ಎಂಬ ಜಾಲತಾಣದಲ್ಲಿ ದರದ ನಿಯಮಗಳನ್ನು ಓದಬಹುದು, ಅಲ್ಲಿ ಟಿಕೆಟ್ ಮಾರುವುದಿಲ್ಲ.

ಇಳಿಯುವ ದಿನದ ಗಡಿಯಾರ

ಎರಡು ದಿಕ್ಕಿನ ವಿಮಾನಗಳ ವೇಳೆ ಒಂದೇ ತರ ಇಲ್ಲ. ಅಮೆರಿಕದ ಪೂರ್ವ ತೀರದಿಂದ ಯುರೋಪಿಗೆ ಹೋಗುವವು ಬಹುತೇಕ ಸಂಜೆ ಐದರಿಂದ ರಾತ್ರಿ ಹತ್ತರೊಳಗೆ ಹೊರಡುತ್ತವೆ. ಹಡಗು ಬೆಳಗ್ಗೆ ಆರು ಏಳಕ್ಕೆ ಬಂದರು ಮುಟ್ಟುವುದರಿಂದ ಅದೇ ದಿನ ಹಾರಬಹುದು, ಹೋಟೆಲ್ ಖರ್ಚು ಉಳಿಯುತ್ತದೆ. ಮಧ್ಯದ ಎಂಟು ಗಂಟೆ ಲಗೇಜು ಹಿಡಿದು ಕೂರುವುದು ಕಷ್ಟವೆನಿಸಿದರೆ ಹಡಗಿನವರೇ ಮಾರುವ, ಊರು ಸುತ್ತಿಸಿ ವಿಮಾನ ನಿಲ್ದಾಣಕ್ಕೆ ಬಿಡುವ ಪ್ರವಾಸ ತೆಗೆದುಕೊಳ್ಳಿ. ಒಂದು ಪಕ್ಷ ಮೊದಲ ತುಂಡು ದೇಶೀಯ ವಿಮಾನವಾಗಿದ್ದರೆ ಫೋರ್ಟ್ ಲಾಡರ್‌ಡೇಲ್ ಮತ್ತು ಮಯಾಮಿಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಮೊದಲು, ಕನಾವೆರಲ್‌ನಲ್ಲಿ ಒಂದೂವರೆಗೆ ಮೊದಲು ಹೊರಡುವುದನ್ನು ಹಿಡಿಯಬೇಡಿ.

ಯುರೋಪಿನಿಂದ ಅಮೆರಿಕಕ್ಕೆ ಹೋಗುವವು ಹೆಚ್ಚಾಗಿ ಬೆಳಗ್ಗೆಯಿಂದ ಮಧ್ಯಾಹ್ನದೊಳಗೆ ಹೊರಟುಬಿಡುತ್ತವೆ. ಹಡಗಿನಿಂದ ಇಳಿದ ದಿನವೇ ಅವನ್ನು ಹಿಡಿಯುವುದು ಬಾರ್ಸಿಲೋನಾದಲ್ಲೇ ಬಿಗಿ. ಚಿವಿತಾವೆಕ್ಕಿಯಾದಲ್ಲಿ, ಅಥವಾ ಲಂಡನ್ನಿನ ಹೀಥ್ರೋ ನಿಲ್ದಾಣದಿಂದ ನೂರು ಕಿಲೋಮೀಟರಿಗೂ ಮೀರಿದ ಸೌತಾಂಪ್ಟನ್‌ನಲ್ಲಿ ಅದನ್ನು ಯೋಜಿಸಲೇಬೇಡಿ. ಒಂದು ರಾತ್ರಿಯ ಹೋಟೆಲನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ. ಐಸ್‌ಲ್ಯಾಂಡ್ ಮೂಲಕ ಹೋಗುವವರಿಗೆ ಸ್ವಲ್ಪ ವಿನಾಯಿತಿ ಇದೆ. ಅಲ್ಲಿಂದ ಅಮೆರಿಕಕ್ಕೆ ವಿಮಾನಗಳು ಸಂಜೆ ಐದರ ಸುಮಾರಿಗೆ ಹೊರಡುವುದರಿಂದ ಯುರೋಪಿನಿಂದ ಮಧ್ಯಾಹ್ನ ಹೊರಟರೂ ಸಾಕು.

ತಡವಾಗಲು ಕಾರಣಗಳು ಹಲವು: ಬಂದರಿನ ಬಾಯಲ್ಲಿ ಮಂಜು, ಗಾಳಿ, ಸಾಗರಮಧ್ಯೆ ರೋಗಿಯೊಬ್ಬರನ್ನು ಇಳಿಸಲು ಅಸೋರೆಸ್ ಕಡೆ ತಿರುಗಿದ ಹಡಗು, ವಲಸೆ ಅಧಿಕಾರಿಗಳ ಸಾಲು. ಸ್ವಂತ ಲಗೇಜನ್ನು ತಾವೇ ಎಳೆದುಕೊಂಡು ಇಳಿಯುವವರನ್ನು ಮೊದಲು ಬಿಡುತ್ತಾರೆ. ಹಿಂದಿನ ರಾತ್ರಿ ಪೆಟ್ಟಿಗೆಯನ್ನು ಬಾಗಿಲ ಹೊರಗೆ ಇಟ್ಟರೆ ಒಂದೆರಡು ಗಂಟೆ ಹೆಚ್ಚು ಕಾಯಬೇಕು.

ಹಡಗು ಹತ್ತಲು ವಿಮಾನದಲ್ಲಿ ಹೋಗುವವರಿಗೆ ನಿಯಮ ಇನ್ನೂ ಗಟ್ಟಿ. ಕನಿಷ್ಠ ಒಂದು ದಿನ, ಸಾಧ್ಯವಾದರೆ ಎರಡು ದಿನ ಮುಂಚೆ ಆ ಊರು ಸೇರಿ. ಕೆರಿಬಿಯನ್ ಕ್ರೂಸ್ ತಪ್ಪಿದರೆ ನಾಳೆಯ ದ್ವೀಪದಲ್ಲಿ ಹಿಡಿಯಬಹುದು. ಇಲ್ಲಿ ಮುಂದಿನ ನಿಲುಗಡೆ ವಾರ ಬಿಟ್ಟು ಸಾಗರದ ನಡುವಿನ ದ್ವೀಪಗಳ ಬಂದರುಗಳಾದ ಫುಂಶಾಲ್ ಅಥವಾ ಪೊಂತಾ ದೆಲ್ಗಾದಾ ಆಗಿರಬಹುದು, ಕೆಲವು ಯಾನಗಳಲ್ಲಿ ನಡುವೆ ನಿಲುಗಡೆಯೇ ಇರುವುದಿಲ್ಲ.

ಬೇರೆ ಬೇರೆ ಟಿಕೆಟ್ ಜೋಡಿಸಿದಾಗ ನಡುವೆ ನಾಲ್ಕೈದು ಗಂಟೆ ಬಿಡಿ. ಮೊದಲ ವಿಮಾನ ತಡವಾದರೆ ಎರಡನೆಯ ಏರ್‌ಲೈನಿಗೆ ನಿಮ್ಮ ಹೊಣೆ ಇಲ್ಲ. ಸಂಜೆ ಬಂದು ರಾತ್ರಿ ತಂಗಿ ಬೆಳಗ್ಗೆ ಹಾರುವುದು ಇದಕ್ಕಿಂತ ಸುರಕ್ಷಿತ. ನಿಲ್ದಾಣದ ಹೆಸರನ್ನೂ ನೋಡಿ, ಅಗ್ಗದ ವಿಮಾನ ಪ್ಯಾರಿಸ್ಸಿನಿಂದ ದೂರದ ಬೋವೆಗೆ ಇಳಿಸಿದರೆ ಓರ್ಲಿಗೆ ಹೋಗಲು ಅರ್ಧ ದಿನ ಬೇಕು.

ಲಗೇಜು ಸೇರಿಸಿದ ಮೇಲಿನ ದರ

ಎರಡು ವಾರದ ಕ್ರೂಸ್‌ಗೆ ಹೋದವರ ಹತ್ತಿರ ಕೈಚೀಲ ಮಾತ್ರ ಇರುವುದಿಲ್ಲ. ಅಗ್ಗದ ದರ ಎಂದು ಮೊದಲು ಕಾಣುವುದು 23 ಕಿಲೋ ಪೆಟ್ಟಿಗೆ ಇಲ್ಲದ, ಸೀಟು ಆರಿಸಲಾಗದ, ಕೆಲವೊಮ್ಮೆ ಊಟವೂ ಇಲ್ಲದ ದರ. ಆದ್ದರಿಂದ ಪ್ರತಿ ಆಯ್ಕೆಗೂ ಒಂದು ಕಾಗದದಲ್ಲಿ ಇಷ್ಟನ್ನು ಕೂಡಿಸಿ: ಮೂಲ ದರ, ಒಂದು ಪೆಟ್ಟಿಗೆ, ಬಂದರಿನಿಂದ ನಿಲ್ದಾಣದ ಖರ್ಚು, ಹೋಟೆಲ್ ರಾತ್ರಿಗಳು, ಕೊನೆಯ ನಿಲ್ದಾಣದಿಂದ ಮನೆಗೆ.

ಲೆಕ್ಕ ತೋರಿಸಲಷ್ಟೇ ಕಲ್ಪಿಸಿದ ಅಂಕಿಗಳನ್ನು ನೋಡಿ. ಮೊದಲ ಹಡಗಿನ ಕ್ಯಾಬಿನ್ 650 ಯೂರೊ, ಇಳಿಯುವುದು ಚಿವಿತಾವೆಕ್ಕಿಯಾದಲ್ಲಿ. ವಿಮಾನ 420, ಪೆಟ್ಟಿಗೆ 70, ಕಾರು 130, ಹೋಟೆಲ್ 120, ಒಟ್ಟು 1390. ಎರಡನೆಯದರ ಕ್ಯಾಬಿನ್ 780, ಇಳಿಯುವುದು ಬಾರ್ಸಿಲೋನಾದಲ್ಲಿ. ವಿಮಾನ 260, ಪೆಟ್ಟಿಗೆ 70, ಟ್ಯಾಕ್ಸಿ 40, ಹೋಟೆಲ್ 120, ಒಟ್ಟು 1270. ದುಬಾರಿ ಎನಿಸಿದ ಹಡಗೇ 120 ಯೂರೊ ಅಗ್ಗ.

ಕಾಗದಪತ್ರ

ಒನ್‌ವೇ ಟಿಕೆಟ್ ಹಿಡಿದು ವಿಮಾನ ನಿಲ್ದಾಣಕ್ಕೆ ಹೋದವರನ್ನು ಚೆಕ್‌ಇನ್‌ನಲ್ಲಿ ಮರಳುವ ಟಿಕೆಟ್ ಎಲ್ಲಿ ಎಂದು ಕೇಳುತ್ತಾರೆ. ವೀಸಾ ಇಲ್ಲದೆ ಎಸ್ಟಾ ಅನುಮತಿಯಲ್ಲಿ ಅಮೆರಿಕಕ್ಕೆ ಹೋಗುವವರಿಗಂತೂ ಮುಂದಿನ ಪ್ರಯಾಣದ ಪುರಾವೆ ಬೇಕೇ ಬೇಕು. ಕ್ರೂಸ್‌ನ ದೃಢೀಕರಣ ಪತ್ರವನ್ನು, ನಿಮ್ಮ ಹೆಸರು, ಹಡಗು, ಹೊರಡುವ ತಾರೀಖು, ಕೊನೆಯ ಬಂದರು ಕಾಣುವಂತೆ ಮುದ್ರಿಸಿ ಕೈಯಲ್ಲಿಡಿ. ಹಡಗಿನಲ್ಲಿ ಅಮೆರಿಕಕ್ಕೆ ಬರುವವರಿಗೂ ಎಸ್ಟಾ ಅಥವಾ ವೀಸಾ ಕಡ್ಡಾಯ. ಅಮೆರಿಕನ್ನರಿಗೆ ಬ್ರಿಟನ್ ಪ್ರವೇಶಕ್ಕೆ 2025ರ ಜನವರಿಯಿಂದ ಇಟಿಎ ಎಂಬ ಮುಂಗಡ ಅನುಮತಿ ಬೇಕು.

ವೀಸಾ ಬೇಕಾದ ಪಾಸ್‌ಪೋರ್ಟ್ ಇರುವವರು ಮಾರ್ಗದ ಎಲ್ಲ ಬಂದರುಗಳನ್ನೂ ನೋಡಬೇಕು. ಷೆಂಗೆನ್ ವಲಯದಲ್ಲಿ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳಲ್ಲಿ, ಹಡಗು ಹತ್ತಿ, ಆ ವಲಯದ ಹೊರಗಿನ ಬಂದರಿನಲ್ಲಿ ನಿಂತು, ಮತ್ತೆ ಸ್ಪೇನಿನ ಬಂದರಿಗೆ ಹೋಗುವ ಮಾರ್ಗದಲ್ಲಿ ಒಂದೇ ಪ್ರವೇಶದ ವೀಸಾ ಸಾಲದಾಗುವ ಅಪಾಯವಿದೆ. ಹಲವು ಪ್ರವೇಶದ್ದನ್ನೇ ಕೇಳಿ. ಅಗ್ಗವೆಂದು ಲಂಡನ್ ಮೂಲಕ ಬೇರೆ ಬೇರೆ ಟಿಕೆಟ್ ಜೋಡಿಸಿದರೆ ಲಗೇಜು ತೆಗೆದುಕೊಳ್ಳಲು ಬ್ರಿಟನ್ನಿನೊಳಗೆ ಪ್ರವೇಶಿಸಬೇಕಾಗುತ್ತದೆ, ಅದಕ್ಕೆ ಬೇರೆ ವೀಸಾ.

ಯಾವಾಗ ಕೊಳ್ಳಬೇಕು

ಕ್ರೂಸ್‌ಗಳು ಒಂದೂವರೆ ಎರಡು ವರ್ಷ ಮೊದಲೇ ಮಾರಾಟಕ್ಕೆ ಬರುತ್ತವೆ, ವಿಮಾನದ ಸೀಟುಗಳು ಸುಮಾರು ಹನ್ನೊಂದು ತಿಂಗಳು ಮೊದಲು. ಹಾಗಾಗಿ ಬೇಗ ಕ್ರೂಸ್ ಹಿಡಿಯುವವರು ಹಿಂದಿರುಗಿ ಬರುವ ಠೇವಣಿ ಇರುವ ದರವನ್ನೇ ಆರಿಸಲಿ. ಸೀಟು ತೆರೆದ ಕೂಡಲೇ ಮೈಲಿನವರು ಕೊಳ್ಳಬೇಕು, ಆ ಸೀಟುಗಳು ಮೊದಲೇ ಖಾಲಿಯಾಗುತ್ತವೆ. ಹಣ ಕೊಟ್ಟು ಕೊಳ್ಳುವವರು ಗೂಗಲ್ ಫ್ಲೈಟ್ಸ್‌ನಲ್ಲಿ ದರ ಗಮನಿಸುವ ಗುಂಡಿ ಒತ್ತಿ ಕಾಯಲಿ. ಒಂದೇ ತಾರೀಖಲ್ಲ, ಹಡಗು ಇಳಿದ ನಂತರದ ಮೂರು ನಾಲ್ಕು ತಾರೀಖುಗಳಿಗೆ ಬೇರೆ ಬೇರೆಯಾಗಿ ಒತ್ತಿ. ಪ್ರಯಾಣಕ್ಕೆ ಆರರಿಂದ ಎರಡು ತಿಂಗಳು ಇರುವ ನಡುವಿನ ಅವಧಿಯಲ್ಲಿ ಒಪ್ಪುವ ದರ ಬಂದರೆ ಕೊಂಡುಬಿಡಿ, ಕೊನೆಯ ವಾರದ ಇಳಿಕೆಯನ್ನು ನೆಚ್ಚಬೇಡಿ. ಹಡಗು ತುಂಬ ಜನ ಒಂದೇ ದಿನ ಒಂದೇ ಊರಿನಿಂದ ಮನೆಗೆ ಹೊರಡುವವರು, ಅವರೂ ನಿಮ್ಮಂತೆಯೇ ಹುಡುಕುತ್ತಿರುತ್ತಾರೆ.

ಅಮೆರಿಕದಿಂದ ಹೊರಡುವ ಅಥವಾ ಅಲ್ಲಿಗೆ ಹೋಗುವ ವಿಮಾನವನ್ನು ಅಮೆರಿಕದಲ್ಲಿ ಏರ್‌ಲೈನಿನಿಂದಲೇ ನೇರ ಕೊಂಡರೆ, ಪ್ರಯಾಣಕ್ಕೆ ಏಳು ದಿನವಾದರೂ ಇದ್ದಲ್ಲಿ, 24 ಗಂಟೆಯೊಳಗೆ ದಂಡವಿಲ್ಲದೆ ರದ್ದು ಮಾಡುವ ಅಥವಾ ಹಣ ಕಟ್ಟದೆ ಸೀಟು ಹಿಡಿದಿಡುವ ಅವಕಾಶ ಅಲ್ಲಿನ ಸಾರಿಗೆ ಇಲಾಖೆಯ ನಿಯಮದಲ್ಲೇ ಇದೆ. ಏಜೆನ್ಸಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಒಳ್ಳೆಯ ದರ ಕಂಡ ಕೂಡಲೇ ಕೊಂಡು, ಆ ಒಂದು ದಿನದಲ್ಲಿ ಹಡಗಿನ ತಾರೀಖು, ಹೋಟೆಲ್, ರೈಲಿನ ವೇಳೆ ಎಲ್ಲವನ್ನೂ ತಾಳೆ ನೋಡಿ.

ವಿಮಾನವೇ ತಡವಾದರೆ ಏರ್‌ಲೈನಿನ ಊರು ಯಾವುದು ಎನ್ನುವುದು ಮುಖ್ಯವಾಗುತ್ತದೆ. ಯುರೋಪಿಯನ್ ಒಕ್ಕೂಟದಿಂದ ಹೊರಡುವ ಯಾವ ವಿಮಾನಕ್ಕಾದರೂ ಅಲ್ಲಿನ ಪರಿಹಾರ ನಿಯಮ ಅನ್ವಯಿಸುತ್ತದೆ. 3500 ಕಿಲೋಮೀಟರ್ ಮೀರಿದ ಮಾರ್ಗದಲ್ಲಿ, ಏರ್‌ಲೈನಿನ ಕೈಮೀರಿದ ಕಾರಣವಿಲ್ಲದೆ ನಾಲ್ಕು ಗಂಟೆಗಿಂತ ತಡವಾಗಿ ತಲುಪಿದರೆ 600 ಯೂರೊ. ಅಮೆರಿಕದಿಂದ ಒಕ್ಕೂಟದೊಳಗೆ ಬರುವಾಗ ವಿಮಾನ ಓಡಿಸುವುದು ಒಕ್ಕೂಟದ ಏರ್‌ಲೈನ್ ಆಗಿದ್ದರೆ ಮಾತ್ರ ಈ ಹಕ್ಕು. ಎರಡು ಟಿಕೆಟ್ಟುಗಳ ದರ ಸಮವಾಗಿ ನಿಂತಾಗ ಇದನ್ನೂ ತಕ್ಕಡಿಗೆ ಹಾಕಿ.